ಜೈಲು ಬದಲಾದ ಮೇಲೆ ತಮ್ಮನ ಫೋನ್ ನಿಂತುಹೋಗಿದೆ, ದಾರಿ ತಿಳಿದವರು ಹೇಳಿ

ತೀರ್ಥಹಳ್ಳಿ ಕಡೆಯ ಅಕ್ಕ
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಬರೆಯಲೋ ಬೇಡವೋ ಎಂದು ಒಂದು ವಾರ ಹಿಂದೆಮುಂದೆ ನೋಡಿದೆ. ಊರಿನಲ್ಲಿ ಯಾರ ಹತ್ತಿರವೂ ಕೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಮ್ಮ ವಿಚಾರಣಾಧೀನ ಕೈದಿ. ಒಳಗೆ ಹೋಗಿ 14 ತಿಂಗಳಾಯಿತು. ಪ್ರಕರಣ ನ್ಯಾಯಾಲಯದ ಮುಂದಿದೆ, ಅದರ ಮಾತು ಇಲ್ಲಿ ಬೇಡ. ಮೊದಲಿದ್ದ ಜೈಲಿನಿಂದ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 11 ಗಂಟೆಯ ಸುಮಾರಿಗೆ ಅಮ್ಮನ ಮೊಬೈಲ್‌ಗೆ ಕರೆ ಮಾಡುತ್ತಿದ್ದ. ಐದು ನಿಮಿಷ ಆಗುತ್ತಿದ್ದಂತೆ ತಾನಾಗಿಯೇ ಕಡಿದುಹೋಗುತ್ತಿತ್ತು. ನಮ್ಮ ಮನೆಯಲ್ಲಿ ಹಿಂದಿನ ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತದೆ. ಅಮ್ಮ ಆ ಕಿಟಕಿಯ ಸರಳಿಗೆ ಒಂದು ಬಟ್ಟೆಯ ಚೀಲ ಕಟ್ಟಿ ಅದರೊಳಗೆ ಮೊಬೈಲ್ ಇಡುತ್ತಾಳೆ. ಆ ಎರಡು ದಿನ ಹತ್ತೂವರೆ ಆಯಿತೆಂದರೆ ಕುಕ್ಕರ್ ಇಳಿಸಿಬಿಡುತ್ತಾಳೆ, ಮಿಕ್ಸಿ ಮುಟ್ಟುವುದಿಲ್ಲ. ಸದ್ದಿನಲ್ಲಿ ರಿಂಗ್ ಕೇಳದೆ ಹೋದರೆ ಎಂಬ ಭಯ.

ಜಾಗ ಸಾಲುವುದಿಲ್ಲವೆಂದು ಕೆಲವರನ್ನು ಬೇರೆ ಜೈಲಿಗೆ ಕಳುಹಿಸಿದಾಗ ಇವನನ್ನೂ ಕಳುಹಿಸಿದರು. ನಮ್ಮೂರಿನಿಂದ ಒಂದು ರಾತ್ರಿ, ಅರ್ಧ ಹಗಲಿನ ದಾರಿ. ಅದಾಗಿ ಇವತ್ತಿಗೆ 47 ದಿನ. ಒಂದು ಕರೆಯೂ ಇಲ್ಲ. ಅಲ್ಲಿನ ಸ್ಥಿರ ದೂರವಾಣಿಗೆ ಮೂರು ಸಲ ಕರೆ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ, ಮೂರನೆಯ ಸಲ ಎತ್ತಿದವರು "ಫೋನಿನಲ್ಲಿ ಏನೂ ಹೇಳುವುದಿಲ್ಲ, ಬಂದು ವಿಚಾರಿಸಿ" ಎಂದು ಇಟ್ಟುಬಿಟ್ಟರು. ಈಗ ಅಡಿಕೆ ಸುಲಿತದ ಸಮಯ. ನಾನು ದಿನಗೂಲಿಯವಳು, ಅಮ್ಮನಿಗೆ ಮಂಡಿ ನೋವು. ಹೋಗಲೇಬೇಕೆಂದರೆ ಹೋಗುತ್ತೇನೆ, ಆದರೆ ಹೋದ ಮೇಲೆ ಯಾರನ್ನು ಏನೆಂದು ಕೇಳಬೇಕು ಎನ್ನುವುದೂ ಗೊತ್ತಿಲ್ಲ.

ಅವನಿಗೆ ಮೈ ಹುಷಾರಿಲ್ಲವೋ, ನಮ್ಮ ಮೇಲೆ ಸಿಟ್ಟೋ, ಏನೂ ತಿಳಿಯುತ್ತಿಲ್ಲ. ಅಮ್ಮ ಈಗಲೂ ಮಂಗಳವಾರ, ಶುಕ್ರವಾರ ಕುಕ್ಕರ್ ಇಳಿಸುತ್ತಾಳೆ.

ಕಲಬುರಗಿಯವನು
ಸೋಮವಾರ, ರಾತ್ರಿ 10.15

ಅಕ್ಕಾ, ನಮ್ಮ ಅಣ್ಣನ ವಿಷಯದಲ್ಲಿ ಇದೇ ಆಗಿತ್ತು. ಮೊದಲು ಒಂದು ಕೆಲಸ ಮಾಡಿ. ಬೇರೆಯವರ ಮೊಬೈಲ್‌ನಿಂದ ಅಮ್ಮನ ಸಂಖ್ಯೆಗೆ ಈಗಲೇ ಒಂದು ಕರೆ ಮಾಡಿ ನೋಡಿ. ರಿಂಗ್ ಆಗುತ್ತದೆಯೇ? ರೀಚಾರ್ಜ್ ಅವಧಿ ಮುಗಿದರೆ ಈಗ ಹೊರಹೋಗುವ ಕರೆಯಷ್ಟೇ ಅಲ್ಲ, ಒಳಬರುವ ಕರೆಯೂ ನಿಲ್ಲುತ್ತದೆ. ವಯಸ್ಸಾದವರಿಗೆ ಇದು ಗೊತ್ತಾಗುವುದಿಲ್ಲ. ಮೊಬೈಲ್ ಹೊತ್ತಿಕೊಂಡಿರುತ್ತದೆ, ಗಂಟೆ ತೋರಿಸುತ್ತದೆ, ಸರಿಯಿದೆ ಎಂದುಕೊಂಡು ಕಾಯುತ್ತಾ ಕೂತಿರುತ್ತಾರೆ. ನಮ್ಮ ಅವ್ವ ಹಾಗೆ 12 ದಿನ ಕಾದರು.

ಎರಡನೆಯದು, ಮೊಬೈಲ್‌ನಲ್ಲಿ ಅಪರಿಚಿತ ಕರೆಗಳನ್ನು ತಡೆಯುವ ವ್ಯವಸ್ಥೆ ಚಾಲೂ ಇದೆಯೇ ನೋಡಿ. ಜೈಲಿನಿಂದ ಬರುವ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಹೊಸ ಜೈಲಿನ ಸಂಖ್ಯೆ ನಿಮಗೆ ಪರಿಚಯವೇ ಇರುವುದಿಲ್ಲ. ನಾನೇ ಒಂದು ಸಲ ಸಾಲ ಕೊಡುವವರ ಕರೆ ಎಂದುಕೊಂಡು ಕಡಿದುಹಾಕಿದ್ದೆ. ಆಮೇಲೆ ಗೊತ್ತಾಯಿತು, ಅದು ಅಣ್ಣನ ಕರೆ. ಮುಂದಿನ ಸರದಿಗೆ ಅವನು ಐದು ದಿನ ಕಾಯಬೇಕಾಯಿತು. ಆ ನೋವು ಇನ್ನೂ ಇದೆ.

ದಾವಣಗೆರೆ ಓದುಗ
ಸೋಮವಾರ, ರಾತ್ರಿ 10.50

ಅವರು ಅದೇ ಜೈಲಿನಲ್ಲಿ ಇದ್ದಾರೆ ಎನ್ನುವುದು ಖಚಿತವೇ? ನಮ್ಮ ಸಂಬಂಧಿಕರೊಬ್ಬರನ್ನು ಎರಡು ಸಲ ಬದಲಿಸಿದ್ದರು, ನಮಗೆ ಗೊತ್ತಾದದ್ದು ಒಂದು ಸಲದ್ದು ಮಾತ್ರ. ವಕೀಲರಿಂದ ಪ್ರಕರಣದ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ತೆಗೆದುಕೊಂಡು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಆ ದಿನ ಎಲ್ಲಿಂದ ಹಾಜರುಪಡಿಸುತ್ತಾರೆ ಎಂಬುದು ವಕೀಲರಿಗೆ ತಿಳಿಯುತ್ತದೆ.

ನಿವೃತ್ತ ಜೈಲು ಸಿಬ್ಬಂದಿ
ಮಂಗಳವಾರ, ಬೆಳಿಗ್ಗೆ 6.30

ತಂಗಿ, ನಾನು 29 ವರ್ಷ ಜೈಲಿನಲ್ಲಿ ಕೆಲಸ ಮಾಡಿದವನು. ಒಳಗಿನಿಂದ ಈ ಕರೆ ಹೇಗೆ ಬರುತ್ತದೆ ಎಂದು ತಿಳಿದರೆ ಎಲ್ಲಿ ಕಡಿದಿದೆ ಎಂಬುದನ್ನು ನೀವೇ ಹುಡುಕಬಹುದು.

ನಾನಿದ್ದ ಕಡೆ ಹೀಗಿತ್ತು. ಬಂದಿಯು ತನ್ನ ಮನೆಯವರ ಮತ್ತು ವಕೀಲರ ಸಂಖ್ಯೆ ಬರೆದು ಅರ್ಜಿ ಕೊಡಬೇಕು. ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಅವರು ಇವನಿಗೆ ಏನಾಗಬೇಕು ಎಂದು ಪರಿಶೀಲಿಸುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಅದನ್ನು ಯಂತ್ರಕ್ಕೆ ಸೇರಿಸುತ್ತಾರೆ. ಸೇರಿಸಿದ ಸಂಖ್ಯೆಗೆ ಮಾತ್ರ ಕರೆ ಹೋಗುತ್ತದೆ, ಮಾತು ಧ್ವನಿಮುದ್ರಣ ಆಗುತ್ತದೆ, ಹಣ ಅವನ ಖಾತೆಯಿಂದ ಕಳೆಯುತ್ತದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಸರದಿ ಬಂದರೂ ಸುಮ್ಮನೆ ಹಿಂತಿರುಗಬೇಕು.

ಜೈಲು ಬದಲಾದಾಗ ವಾರಂಟ್ ಹೋಗುತ್ತದೆ, ಕಡತ ಹೋಗುತ್ತದೆ, ಬಟ್ಟೆಬರೆಯ ಗಂಟು ಹೋಗುತ್ತದೆ. ಫೋನಿನ ಒಪ್ಪಿಗೆ ಮಾತ್ರ ಎಷ್ಟೋ ಸಲ ಜೊತೆಗೆ ಹೋಗುವುದಿಲ್ಲ. ಅಲ್ಲಿ ಮತ್ತೆ ಮೊದಲಿನಿಂದ ಅರ್ಜಿ ಕೊಡಬೇಕಾಗುತ್ತದೆ. ಹೊಸಬನಿಗೆ ಇದನ್ನು ಹೇಳುವವರು ಬೇಕು. ಬೇರೆ ಜಿಲ್ಲೆಯವನು, ಅಲ್ಲಿಯ ಮಾತಿನ ಧಾಟಿ ಬೇರೆ, ಬ್ಯಾರಕ್‌ನಲ್ಲಿ ಗುರುತಿನವರು ಯಾರೂ ಇಲ್ಲ. ಒಂದೆರಡು ತಿಂಗಳು ಕೇಳುವುದಕ್ಕೇ ಹಿಂಜರಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು. ಹೊರಗಿನವರು ಇದನ್ನು ಯೋಚಿಸುವುದೇ ಇಲ್ಲ. ಈಗಿನ ಹುಡುಗರಿಗೆ ತಾಯಿಯ ಸಂಖ್ಯೆ ಬಾಯಿಪಾಠ ಇರುವುದಿಲ್ಲ! "ಅಮ್ಮ" ಎಂದು ಒತ್ತಿದರೆ ಹೋಗುತ್ತಿತ್ತು, ಅಷ್ಟೆ. ಬಂಧನವಾದ ದಿನವೇ ಆ ಮೊಬೈಲ್ ಪೊಲೀಸರ ವಶಕ್ಕೆ ಹೋಗಿರುತ್ತದೆ. ಒಂದು ಚೀಟಿಯಲ್ಲಿ ಸಂಖ್ಯೆ ಬರೆದುಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಆ ಚೀಟಿ ಬೆವರಿಗೆ ನೆನೆದು, ಒಗೆದ ಬಟ್ಟೆಯಲ್ಲಿ ಮುದ್ದೆಯಾಗಿ ಹೋಗುತ್ತದೆ. ಒಬ್ಬ ಹುಡುಗ ಗೋಡೆಯ ಮೇಲೆ ಉಗುರಿನಿಂದ ಹತ್ತು ಅಂಕಿ ಕೆರೆದಿಟ್ಟುಕೊಂಡಿದ್ದ. ಆ ಕೊಠಡಿಯಿಂದ ಬೇರೆ ಕೊಠಡಿಗೆ ಹಾಕಿದಾಗ ಅವನು ಅತ್ತದ್ದು ಇದಕ್ಕಾಗಿ ಎಂದು ನಮಗೆ ತಿಳಿದದ್ದು ಎರಡು ದಿನ ಆದ ಮೇಲೆ.

ಆದ್ದರಿಂದ ಸಿಟ್ಟು ಎಂದು ಈಗಲೇ ತೀರ್ಮಾನಿಸಬೇಡಿ. ಅಧೀಕ್ಷಕರ ಹೆಸರಿಗೆ ಒಂದು ಅರ್ಜಿ ಬರೆಯಿರಿ. ತಮ್ಮನ ಹೆಸರು, ತಂದೆಯ ಹೆಸರು, ಗೊತ್ತಿದ್ದರೆ ಯುಟಿಪಿ ಸಂಖ್ಯೆ (ವಿಚಾರಣಾಧೀನ ಕೈದಿಗೆ ಜೈಲಿನಲ್ಲಿ ಕೊಡುವ ಸಂಖ್ಯೆ), ಯಾವ ನ್ಯಾಯಾಲಯದ ಪ್ರಕರಣ, ಮೊದಲು ಯಾವ ಜೈಲಿನಲ್ಲಿದ್ದ, ಎಂದು ಬದಲಾಯಿಸಿದರು ಎಲ್ಲವೂ ಇರಲಿ. ಅಮ್ಮನ ಆಧಾರ್ ಪ್ರತಿ, ಸಂಬಂಧ ತೋರಿಸಲು ಪಡಿತರ ಚೀಟಿಯ ಪ್ರತಿ, ಮೊಬೈಲ್ ಸಂಖ್ಯೆ ಅಮ್ಮನ ಹೆಸರಿನಲ್ಲೇ ಇದೆ ಎಂಬುದಕ್ಕೆ ದಾಖಲೆ ಸೇರಿಸಿ. ಸಿಮ್ ಬೇರೆಯವರ ಹೆಸರಿನಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ನಾನು ನೋಡಿದ ತಿರಸ್ಕಾರಗಳಲ್ಲಿ ಅರ್ಧಕ್ಕರ್ಧ ಅದೇ ಕಾರಣ.

ಹೆಸರು ಬೇಡ
ಮಂಗಳವಾರ, ಬೆಳಿಗ್ಗೆ 11.20

ಇಷ್ಟೆಲ್ಲ ಅರ್ಜಿ ಏಕೆ? ನಮ್ಮ ಕಡೆ ಒಬ್ಬರು 3,000 ರೂಪಾಯಿ ಕೊಟ್ಟರೆ ಅದೇ ದಿನ ಸಂಜೆ ಒಳಗಿನಿಂದ ಮಾತಾಡಿಸುತ್ತಾರೆ. ಬೇಕಾದರೆ ಸಂಪರ್ಕ ಕೊಡಿಸುತ್ತೇನೆ.

ನಿವೃತ್ತ ಜೈಲು ಸಿಬ್ಬಂದಿ
ಮಂಗಳವಾರ, ಬೆಳಿಗ್ಗೆ 11.45

ಬೇಡ. ತಂಗಿ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಜೈಲಿನೊಳಗೆ ಮೊಬೈಲ್ ಒಯ್ಯುವುದು, ಇಟ್ಟುಕೊಳ್ಳುವುದು, ಬಳಸುವುದು ಅಪರಾಧ. ಒಂದು ದಿನ ತಪಾಸಣೆಯಲ್ಲಿ ಆ ಮೊಬೈಲ್ ಸಿಕ್ಕಿತು ಎಂದುಕೊಳ್ಳಿ. ಮೊದಲು ನೋಡುವುದೇ ಅದರಿಂದ ಯಾವ ಸಂಖ್ಯೆಗಳಿಗೆ ಕರೆ ಹೋಗಿದೆ ಎಂಬುದನ್ನು. ನಿಮ್ಮ ಅಮ್ಮನ ಸಂಖ್ಯೆ ಅಲ್ಲಿ ಇರುತ್ತದೆ. ತಮ್ಮನ ಮೇಲೆ ಹೊಸ ಪ್ರಕರಣ ಬೀಳುತ್ತದೆ, ಜಾಮೀನು ಕೇಳುವಾಗ ಸರ್ಕಾರಿ ವಕೀಲರು ಅದನ್ನೇ ಎತ್ತುತ್ತಾರೆ. ಒಂದು ಸಂಜೆಯ ಮಾತಿಗೆ ಅವನ ಬಿಡುಗಡೆ ಇನ್ನಷ್ಟು ದೂರ ಹೋಗುತ್ತದೆ.

ಒಳಗೆ ಮೊಬೈಲ್ ತಡೆಯಲು ಜಾಮರ್ ಹಾಕುತ್ತಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತು. 2025ರಲ್ಲಿ ಮಂಗಳೂರು ಜೈಲಿನ ಜಾಮರ್‌ನಿಂದ ಸುತ್ತಲಿನ ಮನೆ, ಅಂಗಡಿಗಳ ಸಂಪರ್ಕವೂ ಕಡಿದು ಜನ ಬೀದಿಗಿಳಿದರು. ಬಂದೋಬಸ್ತು ಇಷ್ಟು ಬಿಗಿಯಾಗಿರುವಾಗ ಕಳ್ಳದಾರಿಯ ಕರೆಗೆ ಹಣ ಕೊಡುವವರು ಹೆಚ್ಚಿನ ಸಲ ಹಣವನ್ನೂ ಕಳೆದುಕೊಳ್ಳುತ್ತಾರೆ.

ಕಲಬುರಗಿಯವನು
ಮಂಗಳವಾರ, ಮಧ್ಯಾಹ್ನ 12.05

ಇದಕ್ಕೆ ನನ್ನದೂ ಒಂದು ಮಾತು. ಯಾರಾದರೂ ಕರೆ ಮಾಡಿ "ನಿಮ್ಮ ತಮ್ಮನಿಗೆ ಜೈಲಿನಲ್ಲಿ ಹೊಡೆದಾಟವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಈ ಸಂಖ್ಯೆಗೆ ಹಣ ಹಾಕಿ" ಎಂದರೆ ನಂಬಬೇಡಿ ಅಕ್ಕಾ. ನಮಗೆ ಅಂಥ ಕರೆ ಬಂದಿತ್ತು, ಅಣ್ಣನ ಪೂರ್ತಿ ಹೆಸರು ಹೇಳಿ ಮಾತಾಡಿದರು. ಅತ್ತಿಗೆ ಓಲೆ ಅಡವಿಡಲು ಹೊರಟಿದ್ದರು. ವಕೀಲರಿಗೆ ಕರೆ ಮಾಡಿ ವಿಚಾರಿಸಿದಾಗ ಸುಳ್ಳು ಎಂದು ತಿಳಿಯಿತು.

ತೀರ್ಥಹಳ್ಳಿ ಕಡೆಯ ಅಕ್ಕ
ಮಂಗಳವಾರ, ರಾತ್ರಿ 8.30

ಎಲ್ಲರಿಗೂ ಕೈ ಮುಗಿಯುತ್ತೇನೆ. ಹಣ ಕೊಟ್ಟು ಮಾತಾಡುವ ಯೋಚನೆ ಮಾಡುವುದಿಲ್ಲ, ನಿಶ್ಚಿಂತೆಯಿಂದಿರಿ.

ಕಲಬುರಗಿಯ ತಮ್ಮಾ, ನೀವು ಹೇಳಿದಂತೆ ಪಕ್ಕದ ಮನೆಯವರ ಮೊಬೈಲ್‌ನಿಂದ ಅಮ್ಮನಿಗೆ ಕರೆ ಮಾಡಿದೆ. "ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯವಿಲ್ಲ" ಎಂದು ಬಂತು. ನನಗೆ ಕೈಕಾಲು ತಣ್ಣಗಾಯಿತು. ಯಾವಾಗಲೂ ನಾನೇ ರೀಚಾರ್ಜ್ ಮಾಡಿಸುತ್ತಿದ್ದೆ, 28 ದಿನದ್ದು. ಸುಲಿತದ ಗಡಿಬಿಡಿಯಲ್ಲಿ ಮರೆತುಹೋಗಿ 9 ದಿನ ಆಗಿದೆ. ಈ 9 ದಿನದಲ್ಲಿ ಅವನು ಕರೆ ಮಾಡಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಕೂಡಲೇ ಹೋಗಿ 84 ದಿನದ ರೀಚಾರ್ಜ್ ಮಾಡಿಸಿದೆ. ಅಮ್ಮನಿಗೆ ಹೇಳಲಿಲ್ಲ. "ಟವರ್ ಸರಿಯಿರಲಿಲ್ಲ, ಈಗ ಸರಿಹೋಯಿತು" ಎಂದೆ. ಅದು ತಪ್ಪೋ ಸರಿಯೋ ಗೊತ್ತಿಲ್ಲ.

ಆದರೆ ಅದಕ್ಕೂ ಹಿಂದಿನ 38 ದಿನ? ಸಿಮ್ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ, ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಮೊದಲಿನ ಜೈಲಿನಲ್ಲಿ ಹೇಗೋ ನಡೆದಿತ್ತು.

ಬಳ್ಳಾರಿ ಅಮ್ಮ
ಮಂಗಳವಾರ, ರಾತ್ರಿ 9.10

ಮಗಳೇ, ನಿನ್ನದೇನೂ ತಪ್ಪಿಲ್ಲ. ಅಮ್ಮನಿಗೆ ಹೇಳದೆ ಇದ್ದದ್ದೇ ಒಳ್ಳೆಯದು.

ಒಂದು ಕಾಗದ ಬರೆ. ಎಲ್ಲರೂ ಫೋನ್, ಆ್ಯಪ್ ಎನ್ನುತ್ತೀರಿ, ಕಾಗದ ಯಾರಿಗೂ ನೆನಪಾಗುವುದಿಲ್ಲ. ನನ್ನ ಮಗ ಎರಡೂವರೆ ವರ್ಷ ಒಳಗಿದ್ದ, ನಾನು ವಾರಕ್ಕೊಂದು ಬರೆದೆ. ಪೋಸ್ಟ್ ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡ್ ಪತ್ರಕ್ಕೆ ಎರಡೂವರೆ ರೂಪಾಯಿ. ಅವರು ಓದಿಯೇ ಒಳಗೆ ಕೊಡುತ್ತಾರೆ, ಅದಕ್ಕೆ ಪ್ರಕರಣದ ಮಾತು, ಸಾಕ್ಷಿಗಳ ಮಾತು ಬರೆಯಬೇಡ. ಊಟ, ಹಸು, ಮಳೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಇಷ್ಟೇ ಬರೆ. ಕೊನೆಗೆ ನಿಮ್ಮ ಮೊಬೈಲ್ ಸಂಖ್ಯೆಯನ್ನು ಒಂದೊಂದು ಅಂಕಿಯೂ ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆ. ಆ ಹಿರಿಯರು ಹೇಳಿದ ಹಾಗೆ ಚೀಟಿ ಕಳೆದಿದ್ದರೆ ಇದೇ ಚೀಟಿಯಾಗುತ್ತದೆ.

ಎರಡು ಕಾಗದ ಬರೆ, ನಾಲ್ಕು ದಿನ ಬಿಟ್ಟು ಇನ್ನೊಂದು. ಒಂದು ತಪ್ಪಿದರೂ ಇನ್ನೊಂದು ಮುಟ್ಟುತ್ತದೆ.

ಹುಬ್ಬಳ್ಳಿಯ ವಕೀಲೆ
ಬುಧವಾರ, ಬೆಳಿಗ್ಗೆ 7.50

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ. ಕಾನೂನಿನ ಕಡೆಯಿಂದ ನಾನು ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಅಧಿಕಾರಿಗಳ ಕೃಪೆ ಎಂದುಕೊಂಡು ತಗ್ಗಿ ಬಗ್ಗಿ ಕೇಳುತ್ತಾರೆ.

ಮನೆಯವರನ್ನು ನೋಡುವುದು, ಅವರೊಂದಿಗೆ ಮಾತಾಡುವುದು ಬದುಕುವ ಹಕ್ಕಿನ ಒಂದು ಭಾಗ. 1981ರಲ್ಲಿ ಸುಪ್ರೀಂ ಕೋರ್ಟ್ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಇದನ್ನು ಹೇಳಿತು. ದೆಹಲಿಯ ತಿಹಾರ್‌ನಲ್ಲಿ ಮುಂಜಾಗ್ರತಾ ಬಂಧನದಲ್ಲಿದ್ದ ಆ ತಾಯಿಗೆ ಐದು ವರ್ಷದ ಮಗಳನ್ನು ತಿಂಗಳಿಗೆ ಒಂದೇ ಸಲ ನೋಡಲು ಬಿಡುತ್ತಿದ್ದರು. ನ್ಯಾಯಾಲಯ ಆ ನಿಯಮವನ್ನೇ ಹೊಡೆದುಹಾಕಿತು. ಸಂವಿಧಾನದ 21ನೇ ವಿಧಿ ಜೈಲಿನ ಬಾಗಿಲಲ್ಲಿ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯೂ ಬಂದಿಗಳು ಹಣ ಕೊಟ್ಟು ಮನೆಯವರಿಗೆ, ವಕೀಲರಿಗೆ ದೂರವಾಣಿ ಕರೆ ಮಾಡಲು ಅವಕಾಶ ಕೊಡಬೇಕೆನ್ನುತ್ತದೆ. ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು ಬಂದಿಯನ್ನು ಸಾಧ್ಯವಾದಷ್ಟೂ ಅವನ ಮನೆಗೆ ಹತ್ತಿರದ ಜೈಲಿನಲ್ಲಿ ಇಡಬೇಕು ಎನ್ನುತ್ತವೆ. ಕರೆಯ ಸಮಯ, ಎಷ್ಟು ನಿಮಿಷ, ಯಾರಿಗೆ ಎಂಬುದನ್ನು ಜೈಲು ನಿಗದಿ ಮಾಡಬಹುದು. ಕಾರಣ ಹೇಳದೆ ಪೂರ್ತಿ ಮುಚ್ಚುವುದು ಬೇರೆ ಮಾತು.

ಅಕ್ಕಾ, ಈಗ ನೀವು ಮಾಡಬೇಕಾದದ್ದು. ನಿಮ್ಮ ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಿದ್ದರೆ, ಬಂಧನದ ಅವಧಿಯನ್ನು ಒಂದು ಸಲಕ್ಕೆ 15 ದಿನ ಮೀರಿ ಮುಂದುವರಿಸುವಂತಿಲ್ಲ. ಅಂದರೆ ಎರಡು ವಾರಕ್ಕೊಮ್ಮೆಯಾದರೂ ಅವನು ವಿಡಿಯೋ ಮೂಲಕ ನ್ಯಾಯಾಧೀಶರ ಕಣ್ಣಿಗೆ ಬೀಳುತ್ತಾನೆ. ಅಂದು ನಿಮ್ಮ ವಕೀಲರು ಒಂದು ಪುಟದ ಮೆಮೊ ಸಲ್ಲಿಸಲಿ: ಇಷ್ಟು ದಿನದಿಂದ ಮನೆಯವರೊಂದಿಗೆ ಸಂಪರ್ಕವಿಲ್ಲ, ಇಂಥ ಸಂಖ್ಯೆಗೆ ಕರೆ ಮಾಡಲು ಅವಕಾಶ ಕೊಡಿಸಬೇಕು ಎಂದು. ನ್ಯಾಯಾಧೀಶರು ಅಲ್ಲೇ ಅವನನ್ನು ಕೇಳುತ್ತಾರೆ. ಅಂಥ ಎರಡು ಮಾತು ಕಡತದಲ್ಲಿ ಸೇರಿದರೆ ಮುಂದಿನ ವಾರ ಕರೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಲ್ಲಿದೆ. ಅವರ ಕಡೆಯ ವಕೀಲರೂ ಸ್ವಯಂಸೇವಕರೂ ಜೈಲಿಗೆ ಹೋಗಿ ಬಂದಿಗಳನ್ನು ಭೇಟಿಯಾಗುತ್ತಾರೆ. "ನನ್ನ ತಮ್ಮ ಹೇಗಿದ್ದಾನೆ ನೋಡಿ ಹೇಳಿ" ಎಂದು ಕೇಳಲು ಸಂಕೋಚ ಬೇಡ. ಅದೂ ಅವರ ಕೆಲಸವೇ.

ಇದ್ಯಾವುದಕ್ಕೂ ಜವಾಬು ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಸಾಮಾನ್ಯ ಅರ್ಜಿಗೆ 30 ದಿನ, ಜೀವ ಮತ್ತು ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಆದರೆ ಮೊದಲೇ ಅದನ್ನು ಎತ್ತಿಕೊಳ್ಳಬೇಡಿ. ಸೌಜನ್ಯದ ಅರ್ಜಿಗೆ ಆಗುವ ಕೆಲಸಕ್ಕೆ ಜಗಳ ಏಕೆ?

ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಮೈಸೂರಿನ ಮೇಷ್ಟ್ರು
ಬುಧವಾರ, ಬೆಳಿಗ್ಗೆ 9.30

ಇ-ಮುಲಾಕಾತ್ ಬಗ್ಗೆ ಯಾರೂ ಹೇಳಲಿಲ್ಲ. ಇ-ಪ್ರಿಸನ್ಸ್ ಜಾಲತಾಣದಲ್ಲಿ ಭೇಟಿಗೂ ವಿಡಿಯೋ ಕರೆಗೂ ಹೆಸರು ನೋಂದಾಯಿಸಬಹುದು. ಕೋವಿಡ್ ಕಾಲದಲ್ಲಿ ಭೇಟಿ ನಿಂತಾಗ ಎಷ್ಟೋ ಮನೆಗಳಿಗೆ ಇದೇ ಆಸರೆಯಾಗಿತ್ತು. ನಮ್ಮ ಅಳಿಯನಿಗಾಗಿ ನಾನು ಮಾಡಿದಾಗ ಮೂರು ಸಲ ತಿರಸ್ಕೃತವಾಯಿತು. ಕಾರಣ ಹುಡುಕಿದರೆ, ಜೈಲಿನ ದಾಖಲೆಯಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು 'ಎ' ಹೆಚ್ಚಿದೆ, ನಾನು ಬಿಟ್ಟಿದ್ದೆ! ತಂದೆಯ ಹೆಸರೂ ಅಲ್ಲಿರುವ ಹಾಗೆಯೇ ಇರಬೇಕು. ನಿಮ್ಮ ಬಳಿ ವಾರಂಟ್ ಅಥವಾ ಜಾಮೀನು ಅರ್ಜಿಯ ಪ್ರತಿ ಇದ್ದರೆ ಅದರಲ್ಲಿರುವ ಅಕ್ಷರಗಳನ್ನೇ ತುಂಬಿ. ಜೈಲಿನ ಹೆಸರು ಆಯ್ಕೆ ಮಾಡುವಾಗ ಹಳೆಯದನ್ನು ಒತ್ತಿದರೆ ಕೋರಿಕೆ ಅಲ್ಲಿಗೇ ಹೋಗಿ ಬಿದ್ದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಉಡುಪಿಯಿಂದ ಒಬ್ಬ ಅಣ್ಣ
ಬುಧವಾರ, ಸಂಜೆ 5.15

ನನ್ನದು ಸ್ವಲ್ಪ ಬೇರೆ ಕಥೆ. ಇದನ್ನು ಓದುವ ಕರಾವಳಿಯ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತೇನೆ.

ನನ್ನ ತಮ್ಮ ಕೊಲ್ಲಿ ದೇಶವೊಂದರಲ್ಲಿ ಚಾಲಕನಾಗಿದ್ದ, ಒಂದು ಅಪಘಾತದ ಪ್ರಕರಣದಲ್ಲಿ ಜೈಲು ಸೇರಿದ. ಮೊದಲು ಒಂದೆರಡು ಸಲ ಕರೆ ಬಂತು, ಆಮೇಲೆ ನಾಲ್ಕು ತಿಂಗಳು ಸುದ್ದಿಯೇ ಇಲ್ಲ. ಕಂಪನಿಯವರು ಫೋನ್ ಎತ್ತುವುದನ್ನೇ ಬಿಟ್ಟರು. ನಮಗೆ ದಾರಿಯಾದದ್ದು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣ. ಅಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಬಂಧನವಾದ ಊರು, ಸ್ಪಾನ್ಸರ್ ಹೆಸರು ಹಾಕಿ ದೂರು ದಾಖಲಿಸಿದೆವು. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಹೊರದೇಶದಲ್ಲಿ ಬಂಧಿತನಾದವನಿಗೆ ತನ್ನ ದೇಶದ ರಾಯಭಾರ ಕಚೇರಿಯೊಂದಿಗೆ ಮಾತಾಡುವ ಹಕ್ಕಿದೆ, ಕಚೇರಿಯವರಿಗೂ ಜೈಲಿಗೆ ಹೋಗಿ ನೋಡುವ ಹಕ್ಕಿದೆ. ಅವರು ಹೋಗಿ ನೋಡಿದರು. ಅವನನ್ನು ಬೇರೆ ಊರಿನ ಜೈಲಿಗೆ ಹಾಕಿದ್ದರು, ಕರೆ ಮಾಡುವ ಕಾರ್ಡಿಗೆ ಹಣವಿರಲಿಲ್ಲ, ಅಷ್ಟೆ. ಅಲ್ಲೇ ಕೆಲಸದಲ್ಲಿದ್ದ ನಮ್ಮೂರಿನವರೊಬ್ಬರು ಕಾರ್ಡ್ ತೆಗೆದು ಮುಟ್ಟಿಸಿದರು. ಅವನು ತುಳುವಿನಲ್ಲಿ "ಅಮ್ಮಾ" ಎಂದದ್ದೇ, ನಮ್ಮ ಅಮ್ಮ ಫೋನ್ ಹಿಡಿದುಕೊಂಡೇ ನೆಲಕ್ಕೆ ಕೂತರು.

ಅಕ್ಕಾ, ನಿಮ್ಮದು ಇದೇ ರಾಜ್ಯದೊಳಗಿನ ಮಾತು. ಖಂಡಿತ ಆಗುತ್ತದೆ.

ತೀರ್ಥಹಳ್ಳಿ ಕಡೆಯ ಅಕ್ಕ
ಮುಂದಿನ ಸೋಮವಾರ, ರಾತ್ರಿ 9.00

ಈ ವಾರ ಏನೇನು ಆಯಿತು ಎಂದು ಹೇಳುತ್ತೇನೆ.

ಬುಧವಾರ ರಾತ್ರಿಯೇ ಕಾಗದ ಬರೆದೆ. ಬಳ್ಳಾರಿ ಅಮ್ಮ, ನೀವು ಹೇಳಿದ ಹಾಗೆ ಹಸುವಿನ ವಿಷಯ ಬರೆದೆ. ಅವನು ಬೆಳೆಸಿದ ಕರು ಈಗ ಗಬ್ಬವಾಗಿದೆ. ಅಮ್ಮ ಪಕ್ಕದಲ್ಲಿ ಕೂತು "ಸ್ವೆಟರ್ ಕೊಟ್ಟಿದ್ದಾರೋ ಕೇಳು, ಅಲ್ಲಿ ಚಳಿ ಇದೆಯೋ ಕೇಳು" ಎಂದು ಹೇಳುತ್ತಲೇ ಇದ್ದಳು. ಕೊನೆಗೆ ಸಂಖ್ಯೆಯನ್ನು ತಾನೇ ಬರೆಯುತ್ತೇನೆ ಎಂದಳು. ಅವಳಿಗೆ ಓದು ಬರಹ ಅಷ್ಟಾಗಿ ಬರುವುದಿಲ್ಲ, ಅಂಕಿ ಬರುತ್ತದೆ. ಹತ್ತು ಅಂಕಿ ಬರೆಯಲು ಕಾಲು ಗಂಟೆ ತೆಗೆದುಕೊಂಡಳು. 7 ಬರೆಯುವಾಗ ನಡುವೆ ಒಂದು ಗೀಟು ಎಳೆಯುವುದು ಅವಳ ರೂಢಿ, ಅಂಗಡಿಯ ಲೆಕ್ಕದಲ್ಲಿ ಕಲಿತದ್ದು. ಹಾಗೆಯೇ ಬರೆದಳು.

ಸಿಮ್ ಅನ್ನು ಅಪ್ಪನ ಹೆಸರಿನಿಂದ ಅಮ್ಮನ ಹೆಸರಿಗೆ ಮಾಡಿಸಲು ಗುರುವಾರ ಕೂಲಿ ಬಿಟ್ಟು ಪೇಟೆಗೆ ಹೋದೆ. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಹೆಬ್ಬೆರಳಿನ ಗುರುತು ಎಲ್ಲ ಬೇಕಾಯಿತು. ಅಮ್ಮನ ಹೆಬ್ಬೆರಳು ಅಡಿಕೆ ಸುಲಿದು ಸವೆದಿದೆ, ಯಂತ್ರ ಓದಲೇ ಇಲ್ಲ. ಐದನೆಯ ಸಲಕ್ಕೆ ಬೇರೆ ಬೆರಳಿನಲ್ಲಿ ಆಯಿತು. ಅದೇ ದಿನ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿದೆ. ರಸೀದಿ ದೇವರ ಪಟದ ಹಿಂದೆ ಇದೆ.

15100ಕ್ಕೂ ಕರೆ ಮಾಡಿದೆ. ವಿಷಯ ಬರೆದುಕೊಂಡರು. ಶನಿವಾರ ಆ ಜಿಲ್ಲೆಯಿಂದ ಒಬ್ಬ ಮೇಡಂ ಕರೆ ಮಾಡಿ, ಒಳಗೆ ಹೋಗಿದ್ದೆ, ನೋಡಿದೆ, ಆರೋಗ್ಯವಾಗಿದ್ದಾನೆ ಎಂದರು. ಅಷ್ಟು ಕೇಳಿ ನನಗೆ ಮಾತೇ ಹೊರಡಲಿಲ್ಲ. ಅವನು ಅವರಿಗೆ ಹೇಳಿದನಂತೆ, "ಸಂಖ್ಯೆ ಬರೆದ ಚೀಟಿ ಬದಲಾಯಿಸುವಾಗ ಕಳೆಯಿತು, ನೆನಪಿನಿಂದ ಹೇಳಿದ್ದು ಬೇರೆ ಯಾರಿಗೋ ಹೋಯಿತು, ಮನೆಯವರು ನನ್ನನ್ನು ಬಿಟ್ಟುಬಿಟ್ಟರು ಎಂದುಕೊಂಡೆ" ಎಂದು.

ನಾವು ಅವನಿಗೆ ಸಿಟ್ಟು ಎಂದುಕೊಂಡಿದ್ದೆವು. ಅವನು ನಾವು ಬಿಟ್ಟೆವು ಎಂದುಕೊಂಡಿದ್ದಾನೆ. ಎರಡು ಅಂಕಿ ಹಿಂದೆಮುಂದೆ ಆಗಿದ್ದವಂತೆ.

ನಿವೃತ್ತ ಜೈಲು ಸಿಬ್ಬಂದಿ
ಸೋಮವಾರ, ರಾತ್ರಿ 9.25

ತಂಗಿ, ಇನ್ನು ದಿನಗಳ ಮಾತು. ಪರಿಶೀಲನೆಗೆ ಸ್ವಲ್ಪ ಸಮಯ ಹಿಡಿಯುತ್ತದೆ. ಆ ಎರಡು ದಿನ ಮಾತ್ರವಲ್ಲ, ಎಲ್ಲ ದಿನವೂ ಮೊಬೈಲ್ ಹತ್ತಿರ ಇರಲಿ. ಹೊಸ ಜೈಲಿನಲ್ಲಿ ಅವನ ಬ್ಯಾರಕ್‌ನ ಸರದಿ ಬೇರೆ ದಿನ ಇರಬಹುದು.

ತೀರ್ಥಹಳ್ಳಿ ಕಡೆಯ ಅಕ್ಕ
ಹತ್ತು ದಿನಗಳ ನಂತರ, ಗುರುವಾರ, ಮಧ್ಯಾಹ್ನ 3.10

ಬಂತು.

ಇವತ್ತು 2 ಗಂಟೆ 20 ನಿಮಿಷಕ್ಕೆ. ನಾನು ಅಂಗಳದಲ್ಲಿದ್ದೆ. ಅಮ್ಮ ಕಿಟಕಿಯ ಹತ್ತಿರ ಮಲಗಿದ್ದಳು. ಚೀಲದೊಳಗಿಂದ ರಿಂಗ್ ಆದದ್ದು ಕೇಳಿ ಗಡಿಬಿಡಿಯಲ್ಲಿ ಚೀಲವನ್ನೇ ಕಿತ್ತುಕೊಂಡು ಕಿವಿಗೆ ಹಿಡಿದಿದ್ದಾಳೆ, ಮೊಬೈಲ್ ತೆಗೆಯದೆ. ನಾನು ಓಡಿಹೋಗಿ ತೆಗೆದು ಕೊಟ್ಟೆ. ಸ್ಪೀಕರ್ ಹಾಕಿದೆ.

ಮೊದಲ ಅರ್ಧ ನಿಮಿಷ ಆ ಕಡೆಯೂ ಮಾತಿಲ್ಲ, ಈ ಕಡೆಯೂ ಇಲ್ಲ. ಆಮೇಲೆ ಅಮ್ಮ "ಊಟ ಆಯಿತೇನೋ" ಎಂದಳು. ಅವನು "ಆಯಿತು, ಮುದ್ದೆ ಇತ್ತು" ಎಂದ. ಕಾಗದ ಮುಟ್ಟಿದೆ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನಂತೆ. "ಏಳಕ್ಕೆ ಗೀಟು ನೋಡಿದ ತಕ್ಷಣ ನಿನ್ನ ಕೈ ಎಂದು ಗೊತ್ತಾಯಿತು" ಎಂದ. ಕರುವಿನ ಬಗ್ಗೆ ಎರಡು ಸಲ ಕೇಳಿದ. ಸ್ವೆಟರ್ ಇದೆಯಂತೆ. ಅಷ್ಟರಲ್ಲಿ ಕಡಿದುಹೋಯಿತು.

ಇಲ್ಲಿ ಬರೆದ ಒಬ್ಬೊಬ್ಬರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಅಮ್ಮ ನಿಮ್ಮೆಲ್ಲರ ಹೆಸರು ಹೇಳಿ ದೀಪ ಹಚ್ಚುತ್ತೇನೆ ಎಂದಳು. ಹೆಸರು ಗೊತ್ತಿಲ್ಲ ಎಂದೆ. ಊರಿನ ಹೆಸರು ಹೇಳಿ ಹಚ್ಚುತ್ತಾಳಂತೆ.

ಬಳ್ಳಾರಿ ಅಮ್ಮ
ಗುರುವಾರ, ಸಂಜೆ 4.00

ನನ್ನ ಕಣ್ಣಲ್ಲೂ ನೀರು ಬಂತು ಮಗಳೇ. ಕಾಗದ ಮಾತ್ರ ನಿಲ್ಲಿಸಬೇಡ. ಫೋನ್ ಐದು ನಿಮಿಷಕ್ಕೆ ಕಡಿದುಹೋಗುತ್ತದೆ, ಕಾಗದವನ್ನು ರಾತ್ರಿಯೆಲ್ಲಾ ಓದಬಹುದು.

ಕೋಲಾರದಿಂದ
ಭಾನುವಾರ, ಬೆಳಿಗ್ಗೆ 10.05

ಇದನ್ನೆಲ್ಲ ಇವತ್ತು ಓದಿದೆ. ನನ್ನ ಯಜಮಾನರನ್ನು ಹೋದ ತಿಂಗಳು ಬೇರೆ ಜೈಲಿಗೆ ಹಾಕಿದ್ದಾರೆ, ಮೂರು ವಾರದಿಂದ ಕರೆಯಿಲ್ಲ. ಮಕ್ಕಳು ಚಿಕ್ಕವು. ಅಕ್ಕಾ, ಮೊದಲು ಯಾವುದರಿಂದ ಶುರು ಮಾಡಲಿ?

ತೀರ್ಥಹಳ್ಳಿ ಕಡೆಯ ಅಕ್ಕ
ಭಾನುವಾರ, ಬೆಳಿಗ್ಗೆ 10.20

ತಂಗಿ, ಬೇರೆ ಮೊಬೈಲ್‌ನಿಂದ ನಿನ್ನ ಸಂಖ್ಯೆಗೆ ಈಗಲೇ ಒಂದು ಕರೆ ಮಾಡಿ ನೋಡು. ರಿಂಗ್ ಆದರೆ, ಸಿಮ್ ನಿನ್ನ ಹೆಸರಿನಲ್ಲಿದೆಯೇ ನೋಡು. ಇವತ್ತು ರಾತ್ರಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ಬರೆ, ಸಂಖ್ಯೆಯನ್ನು ಮಕ್ಕಳ ಕೈಯಲ್ಲೇ ಬರೆಸು. ಅರ್ಜಿ ಹೇಗೆ ಬರೆದೆ ಎಂಬುದನ್ನು ಸಂಜೆ ಪೂರ್ತಿ ಹಾಕುತ್ತೇನೆ, ಹೆಸರು ಬದಲಿಸಿ ಬಳಸಿಕೋ.

ಹೊಸ ಜೈಲಿನಲ್ಲಿ ನನ್ನ ತಮ್ಮನ ಸರದಿ ಗುರುವಾರ ಮತ್ತು ಭಾನುವಾರ. ಇವತ್ತು ಬೆಳಿಗ್ಗೆಯೇ ಬರಬಹುದು ಎಂದು ಅಮ್ಮ ಆಗಲೇ ಕುಕ್ಕರ್ ಇಳಿಸಿದ್ದಾಳೆ. ನಾನು ಕಿಟಕಿಯ ಹತ್ತಿರ ಹೋಗುತ್ತೇನೆ.